ಸಂಜೆ ಕೈ ಸುಡುವ ಸೋಲಾರ್ ನೀರು ಬೆಳಗಾಗುವಷ್ಟರಲ್ಲಿ ಆರಿಹೋಗುವುದೇಕೆ?

ಪ್ರಶ್ನೆ: ಕೊಡಗಿನ ನಾಪೋಕ್ಲು ಸಮೀಪದ ಕಾಫಿ ತೋಟದಲ್ಲಿ ನಮ್ಮ ಮನೆ. ಎರಡು ಪ್ಯಾನೆಲ್ ಇರುವ 200 ಲೀಟರಿನ ಸೋಲಾರ್ ವಾಟರ್ ಹೀಟರ್ ಹಾಕಿಸಿ ಕೆಲವು ವರ್ಷಗಳಾದವು. ತಾರಸಿ ಸೋರುತ್ತಿದ್ದುದರಿಂದ ಎರಡು ವರ್ಷದ ಹಿಂದೆ ಅದರ ಮೇಲೆ ಶೀಟಿನ ಮಾಡು ಹಾಕಿಸಿ, ಸೋಲಾರನ್ನೂ ಮಾಡಿನ ಮೇಲಕ್ಕೆ ಎತ್ತಿಸಿದೆವು. ಅದೇ ಸಮಯದಲ್ಲಿ ಮಹಡಿಯಲ್ಲಿ ಹೊಸ ಸ್ನಾನದ ಮನೆ ಮಾಡಿಸಿ ಮಿಕ್ಸರ್ ನಲ್ಲಿಯನ್ನೂ, ತಣ್ಣೀರಿನ ಲೈನಿಗೆ ಒಂದು ಸಣ್ಣ ಪ್ರೆಷರ್ ಪಂಪನ್ನೂ ಕೂಡಿಸಿದೆವು. ಆಮೇಲಿನ ಎರಡೂ ಚಳಿಗಾಲದಲ್ಲಿ ಒಂದೇ ತೊಂದರೆ. ಸಂಜೆ ನೀರು ಕೈಯಿಡಲಾಗದಷ್ಟು ಬಿಸಿಯಾಗಿರುತ್ತದೆ, ಬೆಳಿಗ್ಗೆ ಆರು ಗಂಟೆಗೆ ಉಗುರುಬೆಚ್ಚಗಾಗಿರುತ್ತದೆ. ರಾತ್ರಿ ಯಾರೂ ಬಿಸಿನೀರು ಬಳಸುವುದಿಲ್ಲ. ಮೋಡ ಕವಿದ ರಾತ್ರಿಯ ಮರುದಿನ ಮಾತ್ರ ನೀರು ಸ್ವಲ್ಪ ವಾಸಿ. ಪ್ಯಾನೆಲ್ ಹಳತಾಗಿದೆ, ಎರಡನ್ನೂ ಬದಲಿಸಬೇಕು ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಬದಲಿಸಬೇಕೇ?

ಉತ್ತರ: ಬದಲಿಸಬೇಡಿ. ನಿಮ್ಮ ಪ್ಯಾನೆಲ್‌ಗಳು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಿವೆ ಎಂಬುದಕ್ಕೆ ನಿಮ್ಮ ಪತ್ರದಲ್ಲೇ ಸಾಕ್ಷ್ಯವಿದೆ. ಸುಮಾರು ಎರಡು ಚದರ ಮೀಟರ್ ವಿಸ್ತೀರ್ಣದ ಒಂದು ಚಪ್ಪಟೆ ಪ್ಯಾನೆಲ್ ಒಳ್ಳೆಯ ಬಿಸಿಲಿನ ದಿನ 100 ಲೀಟರ್ ನೀರನ್ನು 60 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಏರಿಸಬೇಕು. ಅದರ ಹೊಣೆ ಅಲ್ಲಿಗೆ ಮುಗಿಯಿತು. ಸಂಜೆಯ ನೀರು ಕೈ ಸುಡುತ್ತಿದೆಯೆಂದ ಮೇಲೆ ಬಿಸಿಲಿನಿಂದ ಬರಬೇಕಾದ ಶಾಖ ಟ್ಯಾಂಕಿಗೆ ಬಂದು ಸೇರಿದೆ. ಬಂದ ಶಾಖ ರಾತ್ರಿಯಲ್ಲಿ ಎಲ್ಲಿ ಹೋಗುತ್ತಿದೆ ಎಂಬುದನ್ನು ಹುಡುಕಬೇಕೇ ಹೊರತು, ಬರುತ್ತಿರುವ ಶಾಖಕ್ಕೆ ಇನ್ನಷ್ಟು ಹಣ ಸುರಿಯುವುದರಲ್ಲಿ ಅರ್ಥವಿಲ್ಲ. ಹೊಸ ಪ್ಯಾನೆಲ್ ಹಾಕಿಸಿದರೂ ಬೆಳಗಿನ ನೀರು ಹೀಗೆಯೇ ಇರುತ್ತದೆ.

ಬಿಸಿನೀರು ಸಾಲದು ಎಂದು ಯಾರೇ ದೂರಿದರೂ ನಾನು ಮೊದಲು ಕೇಳುವುದು ಎರಡು ಅಳತೆಗಳನ್ನು: ಸಂಜೆ ಬಿಸಿಲು ಇಳಿದ ಮೇಲಿನ ಉಷ್ಣತೆ ಮತ್ತು ಮರುದಿನ ಸೂರ್ಯ ಹುಟ್ಟುವ ಮೊದಲಿನ ಉಷ್ಣತೆ. ಅಡುಗೆಮನೆಯ ಸಾಮಾನ್ಯ ಥರ್ಮಾಮೀಟರ್ ಸಾಕು. ಪೈಪಿನಲ್ಲಿ ನಿಂತ ನೀರನ್ನು ಪೂರ್ತಿ ಹರಿಯಬಿಟ್ಟು, ಆಮೇಲೆ ಹಿಡಿದ ಚೊಂಬಿನಲ್ಲಿ ಅಳೆಯಬೇಕು. ಮುಕ್ಕಾಲು ಇಂಚಿನ 20 ಮೀಟರ್ ಉದ್ದದ ಪೈಪಿನಲ್ಲಿಯೇ ಆರು ಲೀಟರಿಗೂ ಹೆಚ್ಚು ತಣ್ಣೀರು ನಿಂತಿರುತ್ತದೆಯಾದ್ದರಿಂದ, ಮೊದಲ ಚೊಂಬನ್ನು ಅಳೆದವರಿಗೆ ತಪ್ಪು ಲೆಕ್ಕವೇ ಸಿಗುತ್ತದೆ. ಒಳ್ಳೆಯ ಪಫ್ (ಶಾಖ ತಡೆಯುವ ನೊರೆಯಂಥ ವಸ್ತು) ಹೊದಿಕೆಯ ಟ್ಯಾಂಕಿನ ನೀರು ನಮ್ಮ ಡಿಸೆಂಬರಿನ ರಾತ್ರಿಯಲ್ಲೂ ಐದಾರು, ಹೆಚ್ಚೆಂದರೆ ಏಳೆಂಟು ಡಿಗ್ರಿ ಮಾತ್ರ ಇಳಿಯಬೇಕು. ನಿಮ್ಮಲ್ಲಿ ಅದು 20 ಡಿಗ್ರಿಗಿಂತ ಹೆಚ್ಚು ಇಳಿಯುತ್ತಿದೆ ಎಂದು ನಿಮ್ಮ ವಿವರಣೆಯಿಂದ ಊಹಿಸುತ್ತೇನೆ. ಹೊದಿಕೆಯ ದೋಷವೊಂದರಿಂದಲೇ ಅಷ್ಟು ಇಳಿಯುವುದು ಅಪರೂಪ. ಆದರೂ ಟ್ಯಾಂಕಿನ ಹೊರತಗಡು ಎಲ್ಲಾದರೂ ಬಿರುಕು ಬಿಟ್ಟು ಮಳೆನೀರು ಒಳಹೋಗಿದ್ದರೆ ಒದ್ದೆಯಾದ ಪಫ್ ಶಾಖವನ್ನು ಹಿಡಿದಿಡಲಾರದು; ರಾತ್ರಿ ಟ್ಯಾಂಕಿನ ಹೊರಮೈಯನ್ನು ಸುತ್ತಲೂ ಮುಟ್ಟಿ ನೋಡಿ, ಒಂದು ಕಡೆ ಮಾತ್ರ ಬೆಚ್ಚಗಿದ್ದರೆ ಆ ಜಾಗವನ್ನು ಗುರುತು ಮಾಡಿಕೊಳ್ಳಿ.

ಈಗ ಮೋಡದ ರಾತ್ರಿಯ ವಿಷಯಕ್ಕೆ ಬರುತ್ತೇನೆ. ನೀವು ಪತ್ರದ ಕೊನೆಯಲ್ಲಿ ಹಾಗೇ ಸೇರಿಸಿರುವ ಈ ಸಂಗತಿಯೇ ನನ್ನ ಮಟ್ಟಿಗೆ ಇಡೀ ಪತ್ರದಲ್ಲಿ ಅತ್ಯಂತ ಬೆಲೆಯುಳ್ಳದ್ದು. ಪಂಪಿಲ್ಲದ ಸೋಲಾರಿನಲ್ಲಿ ನೀರು ತಾನಾಗಿ ಸುತ್ತುತ್ತದೆ: ಪ್ಯಾನೆಲ್‌ನಲ್ಲಿ ಕಾದ ನೀರು ಹಗುರವಾಗಿ ಮೇಲಿನ ಪೈಪಿನಿಂದ ಟ್ಯಾಂಕಿಗೆ ಏರುತ್ತದೆ, ಟ್ಯಾಂಕಿನ ತಳದ ತಣ್ಣನೆಯ ಭಾರದ ನೀರು ಕೆಳಗಿನ ಪೈಪಿನಿಂದ ಪ್ಯಾನೆಲ್‌ಗೆ ಇಳಿಯುತ್ತದೆ. ಸೂರ್ಯ ಮುಳುಗಿದ ಮೇಲೆ ಈ ಸುತ್ತಾಟ ನಿಲ್ಲಬೇಕು. ನಿಲ್ಲುವುದು ಟ್ಯಾಂಕ್ ಪ್ಯಾನೆಲ್‌ಗಿಂತ ಎತ್ತರದಲ್ಲಿದ್ದಾಗ ಮಾತ್ರ. ಪ್ಯಾನೆಲ್‌ನಲ್ಲಿ ತಣ್ಣಗಾದ ನೀರು ಎಲ್ಲಕ್ಕಿಂತ ಕೆಳಗೆ ಇರುವುದರಿಂದ ಅದಕ್ಕೆ ಇನ್ನೆಲ್ಲಿಗೂ ಇಳಿಯಲು ದಾರಿಯಿರುವುದಿಲ್ಲ. ಪ್ಯಾನೆಲ್‌ನ ಮೇಲ್ತುದಿಯೂ ಟ್ಯಾಂಕಿನ ತಳವೂ ಒಂದೇ ಮಟ್ಟಕ್ಕೆ ಬಂದರೆ, ಅಥವಾ ಪ್ಯಾನೆಲ್‌ನ ತುದಿ ಟ್ಯಾಂಕಿನ ತಳಕ್ಕಿಂತ ಮೇಲೆ ಹೋದರೆ, ರಾತ್ರಿಯಲ್ಲಿ ಸುತ್ತಾಟ ಹಿಮ್ಮುಖವಾಗಿ ಶುರುವಾಗುತ್ತದೆ. ಪ್ಯಾನೆಲ್‌ನ ತಣ್ಣೀರು ಕೆಳಪೈಪಿನ ಮೂಲಕ ಟ್ಯಾಂಕಿನ ತಳಕ್ಕೆ ಜಾರುತ್ತದೆ, ಆ ಜಾಗಕ್ಕೆ ಟ್ಯಾಂಕಿನ ಮೇಲ್ಭಾಗದ ಬಿಸಿನೀರು ಪ್ಯಾನೆಲ್‌ಗೆ ಬಂದು ಆರುತ್ತದೆ. ಹಗಲೆಲ್ಲ ಶಾಖ ಹಿಡಿದ ಅದೇ ಕಪ್ಪು ತಗಡು ರಾತ್ರಿಯೆಲ್ಲ ಅದನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ.

ನಿರಭ್ರ ಆಕಾಶದ ರಾತ್ರಿಯಲ್ಲಿ ಮಾಡು, ಗಾಜು, ಎಲೆ ಎಲ್ಲವೂ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತವೆ. ಹುತ್ತರಿ ಸುಗ್ಗಿಹಬ್ಬ ಕಳೆದ ಮೇಲಿನ ಮುಂಜಾವಿನಲ್ಲಿ ಕಾಫಿ ಕಣದ ಟಾರ್ಪಾಲಿನ ಮೇಲೆ ಇಬ್ಬನಿ ಕೊಳವಾಗಿ ನಿಲ್ಲುವುದು ಇದರಿಂದಲೇ. ಮೋಡವಿದ್ದರೆ ಹಾಗೆ ಹೊರಹೋಗುವ ಶಾಖದ ಬಹುಪಾಲನ್ನು ಅದು ತಡೆಯುತ್ತದೆ. ಆದ್ದರಿಂದ ಶುಭ್ರ ರಾತ್ರಿಯಲ್ಲಿ ಹೆಚ್ಚು, ಮೋಡದ ರಾತ್ರಿಯಲ್ಲಿ ಕಡಿಮೆ ಎಂಬ ನಷ್ಟವು ಆಕಾಶಕ್ಕೆ ಮುಖ ಮಾಡಿದ ಭಾಗದಿಂದಲೇ, ಎಂದರೆ ಪ್ಯಾನೆಲ್‌ನಿಂದಲೇ, ಆಗುತ್ತಿರಬೇಕು. ಟ್ಯಾಂಕಿನ ಹೊದಿಕೆಗಾಗಲಿ ಸ್ನಾನದ ಮನೆಯ ನಲ್ಲಿಗಾಗಲಿ ಮೋಡದ ಪರಿವೆ ಇರುವುದಿಲ್ಲ. ಸೋಲಾರನ್ನು ಶೀಟಿನ ಮಾಡಿನ ಮೇಲಕ್ಕೆ ಎತ್ತಿಸಿದ ವರ್ಷದಿಂದಲೇ ತೊಂದರೆ ಆರಂಭವಾಗಿದೆ ಎಂಬುದನ್ನು ಇದಕ್ಕೆ ಜೋಡಿಸಿದರೆ, ಹಿಮ್ಮುಖ ಹರಿವನ್ನೇ ನಾನು ಮೊದಲ ಆರೋಪಿಯಾಗಿ ನಿಲ್ಲಿಸುತ್ತೇನೆ. ಸಮತಟ್ಟಾದ ತಾರಸಿಯಲ್ಲಿ ಕಂಪನಿಯ ಸ್ಟ್ಯಾಂಡ್ ಮೇಲೆ ಸರಿಯಾಗಿದ್ದ ಎತ್ತರಗಳು ಇಳಿಜಾರಿನ ಮಾಡಿಗೆ ಹೋದಾಗ ಹೆಚ್ಚುಕಮ್ಮಿಯಾಗುವುದನ್ನು ಕೊಡಗಿನಲ್ಲಿ ಬಹಳ ಮನೆಗಳಲ್ಲಿ ನೋಡಿದ್ದೇನೆ. ಮಳೆಗೆ ಹೆದರಿ ತಾರಸಿಯ ಮೇಲೆ ಶೀಟು ಹಾಕಿಸುವುದು ಇಲ್ಲಿ ಅನಿವಾರ್ಯವೇ ಆಗಿದೆ, ಆದರೆ ಆ ಕೆಲಸ ಮಾಡುವ ವೆಲ್ಡಿಂಗ್‌ನವರಿಗೆ ಸೋಲಾರಿನ ಎತ್ತರದ ಲೆಕ್ಕವನ್ನು ಯಾರೂ ಹೇಳಿರುವುದಿಲ್ಲ.

ಪರೀಕ್ಷೆ ಕಷ್ಟದ್ದಲ್ಲ. ಆಕಾಶ ಶುಭ್ರವಾಗಿರುವ ಒಂದು ರಾತ್ರಿಯ ನಂತರ, ಬೆಳಕು ಹರಿಯುವ ಹೊತ್ತಿಗೆ ಏಣಿಯ ಮೇಲೆ ನಿಂತು ಪ್ಯಾನೆಲ್‌ನ ಗಾಜನ್ನು ನೋಡಿ. ಎರಡೂ ಗಾಜುಗಳ ಮೇಲೆ ಅಂಚಿನಿಂದ ಅಂಚಿಗೆ ಒಂದೇ ಸಮನಾಗಿ ಇಬ್ಬನಿ ಕೂತಿರಬೇಕು. ಸುತ್ತಲಿನ ಶೀಟು ತೊಯ್ದು ತೊಟ್ಟಿಕ್ಕುತ್ತಿರುವಾಗ ಪ್ಯಾನೆಲ್‌ನ ಮೇಲ್ಭಾಗದಲ್ಲಿ ಮಾತ್ರ ಗಾಜು ಒಣಗಿದ್ದರೆ, ಅಲ್ಲಿ ರಾತ್ರಿಯಿಡೀ ಬಿಸಿನೀರು ಓಡಾಡಿದೆ ಎಂದೇ ತಿಳಿಯಬೇಕು. ಅನಂತರ ಪ್ಯಾನೆಲ್‌ನ ಮೇಲ್ತುದಿಯಿಂದ ಟ್ಯಾಂಕಿಗೆ ಹೋಗುವ ಪೈಪನ್ನು, ಟ್ಯಾಂಕಿನ ಹತ್ತಿರವಲ್ಲದೆ ಪ್ಯಾನೆಲ್‌ನ ಹತ್ತಿರ ಮುಟ್ಟಿ ನೋಡಿ. ಆ ಹೊತ್ತಿನಲ್ಲಿ ಅದು ಕಬ್ಬಿಣದ ಸ್ಟ್ಯಾಂಡ್‌ನಷ್ಟೇ ತಣ್ಣಗಿರಬೇಕು. ಇನ್ನೂ ಖಚಿತವಾಗಬೇಕಾದರೆ, ಟ್ಯಾಂಕಿನ ತಳದಿಂದ ಪ್ಯಾನೆಲ್‌ಗೆ ಇಳಿಯುವ ಪೈಪಿನಲ್ಲಿ ವಾಲ್ವ್ ಇದ್ದರೆ ಅದೊಂದನ್ನು ಮಾತ್ರ ಸೂರ್ಯಾಸ್ತದ ಬಳಿಕ ಮುಚ್ಚಿ, ಮರುದಿನ ಬಿಸಿಲು ಬೀಳುವ ಮೊದಲು ತೆರೆಯಿರಿ. ಬೆಳಗಿನ ನೀರು ಒಮ್ಮೆಲೇ ಸುಧಾರಿಸಿದರೆ ರೋಗ ಪತ್ತೆಯಾದಂತೆ. ಇದು ಪರೀಕ್ಷೆಗೆ ಮಾತ್ರ, ದಿನನಿತ್ಯದ ಉಪಾಯವಲ್ಲ. ಮರೆತು ಮುಚ್ಚಿಟ್ಟ ವಾಲ್ವಿನಿಂದ ಪ್ಯಾನೆಲ್‌ನ ನೀರು ಮಧ್ಯಾಹ್ನ ಕುದಿದು ಆವಿಯಾಗಿ ಜೋಡಣೆಗಳನ್ನು ಕೆಡಿಸುತ್ತದೆ.

ಎತ್ತರವನ್ನು ಅಳೆಯುವಾಗ ಇಳಿಜಾರಿನ ಮಾಡಿನಲ್ಲಿ ಕಣ್ಣಂದಾಜನ್ನು ನಂಬಬೇಡಿ. ಗಾರೆಯವರು ಮಟ್ಟ ನೋಡಲು ಬಳಸುವ ಪಾರದರ್ಶಕ ನೀರಿನ ಟ್ಯೂಬಿನ ಒಂದು ತುದಿಯನ್ನು ಪ್ಯಾನೆಲ್‌ನ ಮೇಲಂಚಿಗೂ ಇನ್ನೊಂದನ್ನು ಟ್ಯಾಂಕಿನ ತಳಕ್ಕೂ ಹಿಡಿದರೆ ಸತ್ಯ ತಿಳಿಯುತ್ತದೆ. ಟ್ಯಾಂಕಿನ ತಳ ಪ್ಯಾನೆಲ್‌ನ ಮೇಲಂಚಿಗಿಂತ ಕನಿಷ್ಠ 30 ಸೆಂಟಿಮೀಟರ್, ಎಂದರೆ ಒಂದಡಿ, ಮೇಲಿರಬೇಕು. ಇಲ್ಲವಾದರೆ ಎರಡು ದಾರಿಗಳಿವೆ: ಟ್ಯಾಂಕನ್ನು ಏರಿಸುವುದು ಅಥವಾ ಪ್ಯಾನೆಲ್‌ಗಳನ್ನು ಮಾಡಿನ ಇಳಿಜಾರಿನಲ್ಲಿ ಕೆಳಕ್ಕೆ ಸರಿಸುವುದು. ನಿಮ್ಮ ಮನೆಗೆ ಎರಡನೆಯದನ್ನೇ ನಾನು ಸೂಚಿಸುತ್ತೇನೆ. ಟ್ಯಾಂಕನ್ನು ಏರಿಸಿದರೆ ಅದಕ್ಕೆ ತಣ್ಣೀರು ಕೊಡುವ ಓವರ್‌ಹೆಡ್ ಟ್ಯಾಂಕಿನ ತಳ ಅದಕ್ಕಿಂತಲೂ ಮೇಲೆ ಉಳಿಯುವಂತೆ ನೋಡಿಕೊಳ್ಳಬೇಕಾಗುತ್ತದೆ. ಇಲ್ಲದಿದ್ದರೆ ಸೋಲಾರ್ ಟ್ಯಾಂಕಿನ ಮೇಲ್ಭಾಗ ಖಾಲಿ ಉಳಿದು ಹಗಲಿನ ಸುತ್ತಾಟವೂ ಕಡಿಯುತ್ತದೆ. ಜೊತೆಗೆ ಜೂನ್ ತಿಂಗಳ ಗಾಳಿಗೆ ಎತ್ತರದ ಸ್ಟ್ಯಾಂಡ್ ಎಂದರೆ ಮತ್ತೊಂದು ಚಿಂತೆ. ಸರಿಸಿದ ಮೇಲೆ ಬಿಸಿನೀರಿನ ಪೈಪು ಪ್ಯಾನೆಲ್‌ನಿಂದ ಟ್ಯಾಂಕಿನವರೆಗೆ ಎಲ್ಲಿಯೂ ತಗ್ಗದೆ ಏರುತ್ತಲೇ ಹೋಗುವಂತೆ ಕೂಡಿಸಬೇಕು, ಮತ್ತು ಅದಕ್ಕೆ ಹೊದಿಕೆ ಇರಬೇಕು.

ಇಲ್ಲಿ ಒಂದು ಎಚ್ಚರಿಕೆ. ಹಿಮ್ಮುಖ ಹರಿವು ಎಂದ ಕೂಡಲೇ ಆ ಪೈಪಿಗೆ ಒಂದು ಎನ್‌ಆರ್‌ವಿ (ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಕೂಡಿಸಿಬಿಡೋಣ ಎಂದು ಪ್ಲಂಬರ್‌ಗಳು ಹೇಳುತ್ತಾರೆ. ಒಪ್ಪಬೇಡಿ. ಬಿಸಿನೀರು 60 ಡಿಗ್ರಿ, ತಣ್ಣೀರು 30 ಡಿಗ್ರಿ ಇದ್ದಾಗ ಒಂದು ಮೀಟರ್ ಎತ್ತರದ ಅಂತರದಲ್ಲಿ ನೀರನ್ನು ಸುತ್ತಿಸಲು ಸಿಗುವ ಒತ್ತಡ ಸುಮಾರು 13 ಮಿಲಿಮೀಟರ್ ನೀರಿನ ಕಂಬದಷ್ಟು ಮಾತ್ರ. ಸ್ಪ್ರಿಂಗ್ ಇರುವ ಸಾಮಾನ್ಯ ಎನ್‌ಆರ್‌ವಿಯನ್ನು ತೆರೆಯಲು ಅದರ ಹತ್ತಾರು ಪಟ್ಟು ಒತ್ತಡ ಬೇಕು. ಹೀಗೆ ರಾತ್ರಿಯ ನಷ್ಟವನ್ನು ತಡೆಯಲು ಹೋಗಿ ಹಗಲಿನ ಸಂಪಾದನೆಯನ್ನೇ ನಿಲ್ಲಿಸಿದಂತಾಗುತ್ತದೆ. ಎನ್‌ಆರ್‌ವಿಗೆ ಜಾಗವಿರುವುದು ಓವರ್‌ಹೆಡ್ ಟ್ಯಾಂಕಿನಿಂದ ಸೋಲಾರ್ ಟ್ಯಾಂಕಿಗೆ ಬರುವ ತಣ್ಣೀರಿನ ಪೈಪಿನಲ್ಲಿ, ಅದೂ ಏರ್ ವೆಂಟ್ ಪೈಪು (ಗಾಳಿ, ಆವಿ ಹೊರಹೋಗಲು ಇರುವ ಬಾಯಿ ತೆರೆದ ಪೈಪು) ಸರಿಯಾಗಿ ತೆರೆದಿರುವ ಟ್ಯಾಂಕಿಗೆ ಮಾತ್ರ.

ಎರಡನೆಯ ಆರೋಪಿ ನಿಮ್ಮ ಹೊಸ ಸ್ನಾನದ ಮನೆ. ಎರಡೂ ಬದಲಾವಣೆಗಳು ಒಂದೇ ವರ್ಷ ಆಗಿರುವುದರಿಂದ ಇದನ್ನು ಪರೀಕ್ಷಿಸದೆ ಬಿಡುವಂತಿಲ್ಲ. ಎರಡೂ ದೋಷಗಳು ಒಟ್ಟಿಗೆ ಇರಲೂಬಹುದು. ಮಿಕ್ಸರ್ ನಲ್ಲಿಯೊಳಗೆ ಬಿಸಿ ಮತ್ತು ತಣ್ಣೀರಿನ ಪೈಪುಗಳು ಒಂದು ಕಡೆ ಸೇರುತ್ತವೆ. ಎರಡೂ ತಿರುಪುಗಳನ್ನು ತೆರೆದಿಟ್ಟು, ಕೈಶವರಿನ ಗುಂಡಿಯನ್ನು ಮಾತ್ರ ಮುಚ್ಚಿ ಹೊರಬಂದರೆ ಆ ಎರಡು ಪೈಪುಗಳ ನಡುವೆ ದಾರಿ ತೆರೆದೇ ಇರುತ್ತದೆ. ಒಂದೇ ಹಿಡಿಯ ಮಿಕ್ಸರ್ ಆದರೆ ಒಳಗೆ ನೀರನ್ನು ತೆರೆದು ಮುಚ್ಚುವ ಕಾರ್ಟ್ರಿಜ್ ಸವೆದರೂ ಹೀಗೆಯೇ ಆಗುತ್ತದೆ. ನಿಮ್ಮಲ್ಲಿ ತಣ್ಣೀರಿನ ಲೈನಿಗೆ ಪಂಪಿನ ಒತ್ತಡವಿದೆ, ಬಿಸಿನೀರಿನ ಲೈನಿಗೆ ಬರೀ ಟ್ಯಾಂಕಿನ ಎತ್ತರದ ಒತ್ತಡ. ಹೆಚ್ಚು ಒತ್ತಡದ ತಣ್ಣೀರು ಬಿಸಿನೀರಿನ ಪೈಪಿನಲ್ಲಿ ಹಿಂದಕ್ಕೆ ಹತ್ತಿ ಸೋಲಾರ್ ಟ್ಯಾಂಕನ್ನು ಸೇರುತ್ತದೆ, ಅಲ್ಲಿದ್ದ ಬಿಸಿನೀರನ್ನು ವೆಂಟ್ ಪೈಪಿನಿಂದ ಹೊರಕ್ಕೋ, ಓವರ್‌ಹೆಡ್ ಟ್ಯಾಂಕಿಗೆ ಹಿಂದಕ್ಕೋ ತಳ್ಳುತ್ತದೆ. ಇದಕ್ಕೆ ಸ್ಪಷ್ಟ ಕುರುಹುಗಳಿವೆ: ಯಾರೂ ನಲ್ಲಿ ತೆರೆಯದಿದ್ದರೂ ಪಂಪು ರಾತ್ರಿಯಲ್ಲಿ ಆಗಾಗ ತಾನೇ ಗುಂಯ್‌ಗುಟ್ಟುವುದು, ವೆಂಟ್ ಪೈಪಿನ ಬುಡದ ಶೀಟಿನ ಮೇಲೆ ನೀರು ಹರಿದ ಪಾಚಿಯ ಗೆರೆ, ಬೆಳಿಗ್ಗೆ ಓವರ್‌ಹೆಡ್ ಟ್ಯಾಂಕಿನ ನೀರು ಇರಬೇಕಾದಷ್ಟು ತಣ್ಣಗಿಲ್ಲದಿರುವುದು.

ಪರೀಕ್ಷೆ ಹೀಗೆ ಮಾಡಿ. ಸೋಲಾರ್ ಟ್ಯಾಂಕಿಗೆ ತಣ್ಣೀರು ಬರುವ ವಾಲ್ವನ್ನು ಮುಚ್ಚಿ, ಕೆಳಗಿನ ಹಳೆಯ ಸ್ನಾನದ ಮನೆಯ ಬಿಸಿನೀರಿನ ನಲ್ಲಿಯನ್ನು ಪೂರ್ತಿ ತೆರೆಯಿರಿ. ಪಂಪಿನ ಸ್ವಿಚ್ ಹಾಕಿರಲಿ. ಪೈಪಿನಲ್ಲಿ ಮತ್ತು ಟ್ಯಾಂಕಿನ ಮೇಲ್ಭಾಗದಲ್ಲಿ ಇದ್ದ ನೀರು ಇಳಿದ ಮೇಲೆ ಧಾರೆ ಸಣ್ಣಗಾಗಿ ನಿಲ್ಲಬೇಕು. ಕೆಲವು ನಿಮಿಷಗಳ ಬಳಿಕವೂ ಧಾರೆ ನಿಲ್ಲದೆ ತಣ್ಣಗೆ ಹರಿಯುತ್ತಲೇ ಇದ್ದರೆ, ಆ ನೀರು ಸೋಲಾರ್ ಟ್ಯಾಂಕಿನಿಂದ ಬರುತ್ತಿಲ್ಲ, ಬೇರೆಲ್ಲಿಂದಲೋ ಬಿಸಿನೀರಿನ ಲೈನಿಗೆ ನುಗ್ಗುತ್ತಿದೆ. ಆಗ ಒಂದೊಂದೇ ಸ್ನಾನದ ಮನೆಯ, ಪಾತ್ರೆ ತೊಳೆಯುವ ಸಿಂಕಿನ, ವಾಷಿಂಗ್ ಮೆಷಿನ್ನಿನ ಆಂಗಲ್ ವಾಲ್ವ್‌ಗಳನ್ನು (ಗೋಡೆಯ ಪೈಪಿನ ತುದಿಯ ಸಣ್ಣ ವಾಲ್ವ್‌ಗಳನ್ನು) ಮುಚ್ಚುತ್ತ ಬನ್ನಿ. ಯಾವುದನ್ನು ಮುಚ್ಚಿದಾಗ ಧಾರೆ ನಿಲ್ಲುತ್ತದೆಯೋ ತಪ್ಪು ಅಲ್ಲಿದೆ. ಸೌದೆ ಬಾಯ್ಲರನ್ನು ಸೋಲಾರ್ ಲೈನಿಗೇ ಜೋಡಿಸಿರುವ ಮನೆಗಳಲ್ಲಿ ಆ ಬೈಪಾಸ್ ವಾಲ್ವನ್ನೂ ನೋಡಬೇಕು, ಮಳೆಗಾಲ ಮುಗಿದ ಮೇಲೆ ಅದನ್ನು ಮುಚ್ಚುವುದನ್ನು ಮರೆಯುವವರು ಬಹಳ. ಪರಿಹಾರವಾಗಿ ಮಿಕ್ಸರಿನ ಎರಡೂ ಒಳಹರಿವುಗಳಿಗೆ ಸಣ್ಣ ಎನ್‌ಆರ್‌ವಿ ಹಾಕಿಸಬಹುದು. ಪಂಪಿನ ಒತ್ತಡವನ್ನು ಬಿಸಿನೀರಿಗೂ ಕೊಡೋಣ ಎಂದು ಸೋಲಾರ್ ಟ್ಯಾಂಕಿನ ಒಳಹರಿವಿಗೆ ಪಂಪು ಜೋಡಿಸಲು ಮಾತ್ರ ಹೋಗಬೇಡಿ. ವೆಂಟ್ ಪೈಪಿರುವ ಸಾಮಾನ್ಯ ಟ್ಯಾಂಕು ಅಂಥ ಒತ್ತಡವನ್ನು ತಾಳುವಂತೆ ಮಾಡಿದ್ದಲ್ಲ.

ಇದನ್ನು ಓದುವ ಕೆಲವರ ತೊಂದರೆ ನಿಮ್ಮದಕ್ಕಿಂತ ಬೇರೆಯಾಗಿರುತ್ತದೆ: ಬಿಸಿಲಿದ್ದ ದಿನದ ಸಂಜೆಯೂ ಅವರ ನೀರು ಕಾಯುವುದಿಲ್ಲ. ಅವರು ಮೊದಲು ನೆರಳನ್ನು ನೋಡಬೇಕು. ಡಿಸೆಂಬರ್ ಕೊನೆಯಲ್ಲಿ ಮಡಿಕೇರಿಯಲ್ಲಿ ನಡುಹಗಲಿನ ಸೂರ್ಯನೂ ದಕ್ಷಿಣಕ್ಕೆ ವಾಲಿ ಸುಮಾರು 54 ಡಿಗ್ರಿ ಎತ್ತರದಲ್ಲಿ ಮಾತ್ರ ಇರುತ್ತಾನೆ, ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಸುಮಾರು 33 ಡಿಗ್ರಿ. ಪ್ಯಾನೆಲ್‌ನ ಮಟ್ಟಕ್ಕಿಂತ 10 ಮೀಟರ್ ಮೇಲೆದ್ದ ಸಿಲ್ವರ್ ಓಕ್ ಮರದ ನೆರಳು ಆಗ 15 ಮೀಟರ್ ದೂರಕ್ಕೆ ಬೀಳುತ್ತದೆ. ಸೋಲಾರ್ ಹಾಕಿಸಿದಾಗ ಗಿಡವಾಗಿದ್ದದ್ದು ಈಗ ಮರವಾಗಿದೆ ಎಂಬುದನ್ನು ಮಾರ್ಚ್‌ನಲ್ಲಿ ಪರಿಶೀಲಿಸಲು ಬಂದವರು ಗಮನಿಸುವುದಿಲ್ಲ, ಏಕೆಂದರೆ ಆಗ ಸೂರ್ಯ ಎತ್ತರದಲ್ಲಿದ್ದು ನೀರು ಚೆನ್ನಾಗಿಯೇ ಕಾಯುತ್ತಿರುತ್ತದೆ. ಚಳಿಗಾಲದಲ್ಲಿ ಮಾತ್ರ ತೊಂದರೆ ಎನ್ನುವವರು ಡಿಸೆಂಬರಿನ ಒಂದು ದಿನ ಒಂಬತ್ತರಿಂದ ಮೂರರವರೆಗೆ ಗಂಟೆಗೊಮ್ಮೆ ಪ್ಯಾನೆಲ್ ನೋಡಿ ನೆರಳಿನ ಗುರುತು ಹಾಕಿಕೊಂಡು, ಮುಂದಿನ ಮರಗಸಿಯ (ತೋಟದ ನೆರಳುಮರಗಳ ಕೊಂಬೆ ಕಡಿಯುವ) ಸಮಯಕ್ಕೆ ಆ ಕೊಂಬೆಗಳನ್ನು ತೆಗೆಸಬೇಕು. ಗಾಜಿನ ಕೆಳ ಅಂಚಿನಲ್ಲಿ ಕಟ್ಟುವ ಪಾಚಿಯನ್ನೂ ಎಲೆಯ ಕೊಳೆಯನ್ನೂ ಮಳೆಗಾಲ ಕಳೆದ ಕೂಡಲೇ ತೊಳೆಸಬೇಕು.

ನೆರಳಿಲ್ಲದಿದ್ದರೂ ಕಾಯುತ್ತಿಲ್ಲವೆಂದರೆ ನೀರು ಸುತ್ತುತ್ತಿಲ್ಲ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಪ್ಯಾನೆಲ್‌ನ ಮೇಲ್ತುದಿ ಮುಟ್ಟಲಾಗದಷ್ಟು ಕಾದು, ಟ್ಯಾಂಕಿನೊಳಗೆ ಸೇರುವ ಕಡೆ ಅದೇ ಪೈಪು ತಣ್ಣಗಿದ್ದು, ಒಳಗೆ ಗುಳುಗುಳು ಸದ್ದಾಗುತ್ತಿದ್ದರೆ ಏರ್ ಲಾಕ್ ಆಗಿದೆ, ಎಂದರೆ ಸಿಕ್ಕಿಬಿದ್ದ ಗಾಳಿ ನೀರಿನ ದಾರಿ ಕಟ್ಟಿದೆ. ಓವರ್‌ಹೆಡ್ ಟ್ಯಾಂಕ್ ಒಮ್ಮೆ ಪೂರ್ತಿ ಖಾಲಿಯಾದ ಮೇಲೆ, ಅಥವಾ ತೊಳೆದು ತುಂಬಿಸಿದ ಮೇಲೆ ಇದು ಸಾಮಾನ್ಯ. ಬಿಸಿಲು ಬರುವ ಮೊದಲೇ ಪ್ಯಾನೆಲ್‌ನ ಮೇಲ್ತುದಿಯ ಪ್ಲಗ್ಗನ್ನು ಸ್ವಲ್ಪ ಸಡಿಲಿಸಿ, ಗಾಳಿ ಹೋಗಿ ನೀರು ಬಂದ ಕೂಡಲೇ ಬಿಗಿಯಬೇಕು. ಬಿಸಿಲಿನಲ್ಲಿ ಮಾಡಿದರೆ ಆವಿ ಮುಖಕ್ಕೆ ಹೊಡೆಯುತ್ತದೆ. ತೋಡಿನ ನೀರನ್ನೋ ತೆರೆದ ಬಾವಿಯ ನೀರನ್ನೋ ಶೋಧಿಸದೆ ಏರಿಸುವವರಲ್ಲಿ ಮಳೆಗಾಲದ ಕೆಸರು ಪ್ಯಾನೆಲ್‌ನ ಕೆಳಪೈಪಿನಲ್ಲಿ ಕೂತು ದಾರಿ ಕಟ್ಟುವುದೂ ಉಂಟು. ಕೆಳಗಿನ ಡ್ರೈನ್ ಪ್ಲಗ್ಗನ್ನು ಬೆಳಿಗ್ಗೆ ತೆರೆದು ಕೆಂಪು ನೀರು ತಿಳಿಯಾಗುವವರೆಗೆ ಹರಿಯಬಿಡಬೇಕು. ಗಾಜಿನ ಕೊಳವೆಗಳ ಸೋಲಾರ್ ಆದರೆ ಪ್ರತಿ ಕೊಳವೆಯ ಕೆಳತುದಿಯನ್ನು ನೋಡಿ: ಅಲ್ಲಿನ ಬೆಳ್ಳಿಯ ಬಣ್ಣ ಮಾಸಿ ಹಾಲಿನಂತೆ ಬೆಳ್ಳಗಾಗಿದ್ದರೆ ಆ ಕೊಳವೆಯ ನಿರ್ವಾತ ಹೋಗಿದೆ, ಅದೊಂದನ್ನು ಬದಲಿಸಿದರೆ ಸಾಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ದೂರುಗಳನ್ನು ನಾನು ಸೋಲಾರಿನ ದೋಷವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಗ ಕೆಲಸ ಮಾಡಬೇಕಾದದ್ದು ಟ್ಯಾಂಕಿನೊಳಗಿನ ಕಾಯಿಲ್, ಎಂದರೆ ವಿದ್ಯುತ್ತಿನಿಂದ ನೀರು ಕಾಯಿಸುವ ಸುರುಳಿ. 200 ಲೀಟರನ್ನು 18 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು 9.8 ಯೂನಿಟ್ ವಿದ್ಯುತ್ ಬೇಕು, 2 ಕಿಲೋವಾಟ್ ಕಾಯಿಲ್‌ಗೆ ಅದು ಸುಮಾರು ಐದು ಗಂಟೆಯ ಕೆಲಸ. ತೋಟದ ಲೈನಿನ ಕೊನೆಯ ಮನೆಗೆ ವೋಲ್ಟೇಜ್ 230ರ ಬದಲು 180 ಬಂದರೆ ಕಾಯಿಲ್‌ನ ಶಕ್ತಿ ಶೇ 61ಕ್ಕೆ ಇಳಿದು ಅದೇ ಕೆಲಸಕ್ಕೆ ಎಂಟು ಗಂಟೆ ಹಿಡಿಯುತ್ತದೆ. ಕಾಯಿಲ್ ಕೆಟ್ಟಿದೆ ಎಂದು ಬದಲಿಸುವ ಮೊದಲು ವೋಲ್ಟೇಜ್ ಅಳೆಸಿ. ನಿಮ್ಮಲ್ಲೂ ಈ ಎರಡು ಚಳಿಗಾಲದಲ್ಲಿ ಬೆಳಗಿನ ಜಾವ ಕಾಯಿಲ್ ಹಾಕಿ ನಿಭಾಯಿಸಿರಬಹುದು. ಪರೀಕ್ಷೆ ಮಾಡುವ ರಾತ್ರಿಗಳಲ್ಲಿ ಅದರ ಸ್ವಿಚ್ ಆರಿಸಿರಬೇಕು, ಇಲ್ಲದಿದ್ದರೆ ಅಳತೆಗಳು ಏನನ್ನೂ ಹೇಳುವುದಿಲ್ಲ.

ಪಾಚಿ ಹಿಡಿದ ಶೀಟಿನ ಮೇಲೆ ಒಬ್ಬರೇ ಹತ್ತಬೇಡಿ. ಹತ್ತಲೇಬೇಕಾದರೆ ಅಡ್ಡಲಾಗಿ ಹಲಗೆ ಹಾಕಿ, ಬೋಲ್ಟ್‌ಗಳ ಸಾಲಿನ ಮೇಲೆ, ಎಂದರೆ ಕೆಳಗೆ ಕಬ್ಬಿಣದ ಆಧಾರವಿರುವ ಕಡೆ ಮಾತ್ರ ಕಾಲಿಡಿ. ಮೊದಲ ದಿನ ವಾಲ್ವ್ ಮುಚ್ಚಿ ಮಿಕ್ಸರಿನ ಪರೀಕ್ಷೆ ಮಾಡಿ ಮುಗಿಸಿ, ಅದು ಸರಿಯಿದೆ ಎಂದಾದ ಮೇಲೆ ಇಬ್ಬನಿಯ ಪರೀಕ್ಷೆಗೆ ಹೋಗಿ. ಮಿಕ್ಸರಿನಲ್ಲಿ ಸೋರಿಕೆ ಇದ್ದಾಗಲೇ ಎರಡನೆಯದನ್ನು ಮಾಡಿದರೆ ಎರಡರ ನಷ್ಟವೂ ಬೆರೆತು ಗೊಂದಲವಾಗುತ್ತದೆ. ಸಂಜೆ ಮತ್ತು ಬೆಳಗಿನ ಉಷ್ಣತೆ, ಆ ರಾತ್ರಿಯ ಆಕಾಶ, ಟ್ಯಾಂಕಿನ ತಳಕ್ಕೂ ಪ್ಯಾನೆಲ್‌ನ ಮೇಲಂಚಿಗೂ ಇರುವ ಅಂತರ, ಇಷ್ಟನ್ನು ಒಂದು ಕಾಗದದಲ್ಲಿ ಬರೆದು ಮೆಕ್ಯಾನಿಕ್‌ರ ಮುಂದಿಡಿ. ಅದನ್ನು ನೋಡಿದ ಮೇಲೂ ಅವರು ಪ್ಯಾನೆಲ್ ಬದಲಿಸಬೇಕೆಂದರೆ, ಸಂಜೆಯ ನೀರು ಬಿಸಿಯಾಗಿರುವುದೇಕೆ ಎಂದು ಕೇಳಿ, ಉತ್ತರ ಸಿಗುವವರೆಗೆ ಮುಂಗಡ ಕೊಡಬೇಡಿ.